ಹತ್ತು ಬಸ್ಕಿ

ನಮ್ಮ ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕ್ರಿಕೆಟ್ ಕಲಿಸುತ್ತಾರೆ. ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತು ನೋಡುವುದು ನನ್ನ ರೂಢಿ. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನಷ್ಟೇ ಎತ್ತರದ ಕಿಟ್ ಬ್ಯಾಗ್ ಎಳೆದುಕೊಂಡು ಬಂದ. ಹನ್ನೊಂದು ವರ್ಷವಿರಬಹುದು. ಬಂದವನೇ ಪ್ಯಾಡ್ ಕಟ್ಟಲು ಬಗ್ಗಿದ. ಕೋಚ್ ತಡೆದು, "ಮೊದಲು ಎರಡು ಸುತ್ತು ಓಡಿ ಬಾ, ಆಮೇಲೆ ಹತ್ತು ಬಸ್ಕಿ ಹೊಡಿ" ಎಂದರು. ಹುಡುಗನ ಮುಖ ಬಾಡಿತು. "ಯಾಕ್ ಸಾರ್, ನಾನೇನ್ ತಪ್ಪು ಮಾಡ್ದೆ?" ಅಂದ. ಸುತ್ತಲಿದ್ದವರೆಲ್ಲ ನಕ್ಕೆವು.

ನಗು ನಿಂತ ಮೇಲೆ, ಅವನು ಕೇಳಿದ್ದು ಸರಿಯೇ ಅನ್ನಿಸಿತು. ಮಗ್ಗಿ ತಪ್ಪಿದರೆ ಬಸ್ಕಿ, ಹೋಮ್‌ವರ್ಕ್ ಮರೆತರೆ ಬಸ್ಕಿ. ನಾವೂ ನೀವೂ ಅದನ್ನು ಕಲಿತದ್ದು ಕಿವಿ ಹಿಡಿದುಕೊಂಡೇ. ಗರಡಿ ಮನೆಯಲ್ಲಾದರೆ ಬಸ್ಕಿ ಎಂದರೆ ಸಾಮಿನ ಆರಂಭ. 'ದಂಡ'ದ ಕಥೆಯೂ ಇಷ್ಟೇ: ಪೈಲ್ವಾನನಿಗೆ ಅದು ಕಸರತ್ತು, ಕೋರ್ಟಿನಲ್ಲಿ ಅದು ಕಟ್ಟಬೇಕಾದ ಹಣ. ಮೈ ದಂಡಿಸುವುದರಲ್ಲಿ ಶಿಕ್ಷೆ ಎಷ್ಟು, ಶಿಕ್ಷಣ ಎಷ್ಟು ಎಂದು ನಮ್ಮ ಮಾತಿನಿಂದಲೇ ಗೊತ್ತಾಗುವುದಿಲ್ಲ. ಮೈಸೂರಿನ ಹಳೆಯ ಗರಡಿಗಳಲ್ಲಿ ಕುಸ್ತಿಗೆ ಮೊದಲು ಮಟ್ಟಿಯ ಕೆಮ್ಮಣ್ಣನ್ನು ಅಗೆದು, ಮಗುಚಿ, ಹೆಂಟೆ ಒಡೆದು ಹದ ಮಾಡುತ್ತಾರೆ. ಎಣ್ಣೆ, ಅರಿಶಿನ ಬೆರೆಸುವುದೂ ಉಂಟು. ಬಿದ್ದವನಿಗೆ ಪೆಟ್ಟಾಗಬಾರದೆಂದು ಮಾಡುವ ಈ ಕೆಲಸ ಬೀಳಲಿರುವವರದೇ. ಕಾಲು ಗಂಟೆ ಗುದ್ದಲಿ ಆಡಿಸಿದವನ ಬೆನ್ನು, ಭುಜ, ತೊಡೆ ತಾವಾಗಿಯೇ ಬಿಸಿಯಾಗಿರುತ್ತವೆ; ನೆಲವೂ ಮೈಯೂ ಒಟ್ಟಿಗೆ ಹದಕ್ಕೆ ಬರುತ್ತವೆ. ಹೀಗೆ ಮೈ ಅಣಿಮಾಡಿಕೊಳ್ಳುವುದರಿಂದ ಎಷ್ಟು ಲಾಭ ಎಂದು ನಾರ್ವೆಯಲ್ಲಿ ಕೂತು ಎಣಿಸಿದವರಿದ್ದಾರೆ. ಫುಟ್‌ಬಾಲ್ ಆಡುವ 13ರಿಂದ 17 ವಯಸ್ಸಿನ ಸುಮಾರು 1,900 ಹುಡುಗಿಯರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ 20 ನಿಮಿಷದ ಕಸರತ್ತು ಹೇಳಿಕೊಟ್ಟು, ಉಳಿದವರನ್ನು ಅವರ ರೂಢಿಗೇ ಬಿಟ್ಟು, ಒಂದು ಋತುವಿಡೀ ಗಾಯಗಳ ಲೆಕ್ಕ ಇಟ್ಟರು. 2008ರಲ್ಲಿ ಅದು ಪ್ರಕಟವಾಯಿತು. ಕಸರತ್ತು ಕಲಿತ ಗುಂಪಿನಲ್ಲಿ ಗಾಯಗಳು ಸುಮಾರು ಮೂರನೇ ಒಂದು ಪಾಲು ಕಡಿಮೆ. ತೀವ್ರವಾದವು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಅದಕ್ಕೆ ಯಂತ್ರವೇನೂ ಬೇಕಿರಲಿಲ್ಲ. ನಿಧಾನದ ಓಟ, ಒಂಟಿಕಾಲಿನ ನಿಲುವು, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಎಚ್ಚರ, ಮತ್ತೆ ನಮ್ಮ ಬಸ್ಕಿ.

ಇದಕ್ಕೆ ಚಪ್ಪಾಳೆ ತಟ್ಟುವವರಿಲ್ಲ, ಅದೇ ತೊಂದರೆ. ಆಗದೆ ಉಳಿದ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ನಮಗೆ ನೆನಪಿರುವುದು 2002ರ ಆಂಟಿಗಾ ಟೆಸ್ಟ್: ಚೆಂಡು ಬಡಿದು ದವಡೆ ಮುರಿದಿದ್ದರೂ ತಲೆ-ಗಲ್ಲ ಸುತ್ತಿ ಪಟ್ಟಿ ಕಟ್ಟಿಕೊಂಡು ಬಂದ ಅನಿಲ್ ಕುಂಬ್ಳೆ 14 ಓವರ್ ಬೌಲ್ ಮಾಡಿ ಲಾರಾ ವಿಕೆಟ್ ತೆಗೆದದ್ದು. ನಾನೂ ಟಿವಿ ಮುಂದೆ ಎದ್ದು ನಿಂತಿದ್ದೆ. ಆದರೆ ಮಕ್ಕಳಿಗೆ ಆ ಕಥೆ ಹೇಳುವಾಗ ಅರ್ಧಕ್ಕೇ ನಿಲ್ಲಿಸುತ್ತೇವೆ. ಕುಂಬ್ಳೆ ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹತ್ತಿದರು. ಸರಣಿಯ ಉಳಿದ ಟೆಸ್ಟ್ ಅವರಿಲ್ಲದೆ ನಡೆಯಿತು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗೆ ಕೂತರು. ಆ ಕೂತದ್ದನ್ನು ಯಾರು ಕಥೆಯಾಗಿ ಹೇಳುತ್ತಾರೆ? ಆದರೆ ಅದೇ ಭುಜ ಅವರನ್ನು 2003ರ ವಿಶ್ವಕಪ್ ಫೈನಲ್‌ವರೆಗೂ ಒಯ್ದಿತು. ಪಟ್ಟಿಯ ಕಥೆಯನ್ನಷ್ಟೇ ಕೇಳಿ ಬೆಳೆದ ಮಗು, ನೋವು ಹೇಳಿಕೊಂಡರೆ ತಂಡದಿಂದ ತೆಗೆದಾರು, ಹೇಡಿ ಎಂದಾರು ಎಂದು ಹಲ್ಲು ಕಚ್ಚಿಕೊಂಡು ಓಡುತ್ತದೆ.

ಬೆಳೆಯುವ ಮೈಯ ಮೂಳೆ ಇನ್ನೂ ಹಸಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರ ಬಿದ್ದರೆ ಬೆನ್ನುಮೂಳೆ ಕೂದಲೆಳೆಯಷ್ಟು ಬಿರುಕು ಬಿಡಬಹುದು. ವೇಗದ ಬೌಲರ್‌ಗಳನ್ನು ಕಾಡುವ ಗಾಯ ಅದು. ಹಾಗೆಂದೇ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಎಂದು ಮಿತಿ ಹಾಕಿತ್ತು. ನಮ್ಮ ಹುಡುಗರಾದರೋ ಬೆಳಿಗ್ಗೆ ಕ್ಲಬ್ಬಿಗೆ, ಮಧ್ಯಾಹ್ನ ಶಾಲೆಯ ತಂಡಕ್ಕೆ, ಸಂಜೆ ಬೀದಿಗೆ ಬೌಲ್ ಮಾಡುತ್ತಾರೆ. ಕ್ಲಬ್ಬಿನ ಲೆಕ್ಕ ಪಿ.ಟಿ. ಮೇಷ್ಟ್ರಿಗೆ ಗೊತ್ತಿಲ್ಲ, ಬೀದಿಯ ಲೆಕ್ಕ ಇಬ್ಬರಿಗೂ ಗೊತ್ತಿಲ್ಲ. ಮೂರನ್ನೂ ಕೂಡಿಸಬಲ್ಲವರು ಮನೆಯವರು ಮಾತ್ರ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಪ್ಯಾಕೆಟ್ಟಿನ ಲೆಕ್ಕವಿದೆ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವಿದೆ, ಪೇಪರ್ ಬಾರದ ದಿನಕ್ಕೊಂದು ಅಡ್ಡಗೆರೆಯಿದೆ. ಅದೇ ಚೌಕದೊಳಗೆ ಮೊಮ್ಮಗನ ಓವರ್‌ಗಳಿಗೂ ಒಂದು ಮೂಲೆ ಸಿಕ್ಕೀತು ಎಂದುಕೊಂಡು ಪೆನ್ಸಿಲ್ ಕಟ್ಟಿಟ್ಟಿದ್ದೇನೆ. ಅತ್ತ ಮೈದಾನದಲ್ಲಿ, ಈ ಭಾನುವಾರ ಆ ಹೊಸ ಹುಡುಗ ಕೋಚ್ ಹೇಳುವ ಮೊದಲೇ ಓಟ ಮುಗಿಸಿದ್ದ. ಪಕ್ಕದವನ ಬಸ್ಕಿಯನ್ನೂ ತಾನೇ ಎಣಿಸುತ್ತಿದ್ದ. "ಏಯ್, ಏಳೇ ಆಗಿದ್ದು. ಇನ್ನೂ ಮೂರು ಹೊಡಿ."