ನಿಂದಾಸ್ತುತಿಯ ನಗೆ: ಮಾನ್ವಿ ಸೀಮೆಯ ದಾಸರ ಭಕ್ತಿವಿಚಾರ

ಭಗವಂತನೇ ಸರ್ವೋತ್ತಮನೆಂದು ಸಾರುವ ಮತದಲ್ಲಿ ಅವನನ್ನೇ ಹಾಸ್ಯಕ್ಕೆ ಗುರಿಮಾಡುವ ಕೀರ್ತನೆಗಳು ಹುಟ್ಟಿದ್ದು ಹೇಗೆ, ಅವನ್ನು ಭಕ್ತಿಯೆಂದು ಒಪ್ಪುವುದು ಯಾವ ಆಧಾರದ ಮೇಲೆ ಎಂಬುದು ಹರಿದಾಸ ಸಾಹಿತ್ಯವನ್ನು ಓದುವವರಿಗೆ ಎದುರಾಗುವ ಗಂಭೀರ ಪ್ರಶ್ನೆ. ಮಾನ್ವಿ, ಪೋತ್ನಾಳಗಳ ಸುತ್ತಲಿನ ಸೀಮೆಗೆ ಈ ಪ್ರಶ್ನೆ ಹತ್ತಿರದ್ದು. ಮಾನ್ವಿ ಭಾಗದ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು (1682–1755), ಅವರ ಶಿಷ್ಯರಾದ ದೇವದುರ್ಗ ಭಾಗದ ಮೊಸರುಕಲ್ಲಿನ ಗೋಪಾಲದಾಸರು, ಇವರ ಶಿಷ್ಯರಾದ ಬ್ಯಾಗವಟದ ಜಗನ್ನಾಥದಾಸರು (1728–1809), ಹೀಗೆ ಒಂದೇ ಪರಂಪರೆಯ ಮೂವರು ಪುರಂದರದಾಸರ ಮಾರ್ಗಕ್ಕೆ 18ನೆಯ ಶತಮಾನದಲ್ಲಿ ಹೊಸ ಜೀವ ತುಂಬಿದ್ದು ಈ ನೆಲದಿಂದಲೇ.

ಮೇಲುನೋಟಕ್ಕೆ ಬೈಗುಳವಾಗಿದ್ದು ಒಳಗೆ ಹೊಗಳಿಕೆಯಾಗಿರುವ ರಚನೆಯನ್ನು ದಾಸರ ಪರಂಪರೆ ನಿಂದಾಸ್ತುತಿ ಎಂದು ಕರೆಯುತ್ತದೆ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂಬ ಹೆಸರಿದೆ. ಮೀನಾಗಿ ನೀರಿನಲ್ಲಿ ಅಡಗಿದವನು, ಹಂದಿಯಾಗಿ ಮಣ್ಣು ಕೆದರಿದವನು, ಕುಳ್ಳನಾಗಿ ಭಿಕ್ಷೆಗೆ ಕೈಯೊಡ್ಡಿದವನು, ನೆರೆಮನೆಯ ಬೆಣ್ಣೆ ಕದ್ದವನು ಎಂದು ದಶಾವತಾರದ ಕಥೆಗಳನ್ನೇ ದೂರಿನ ಪಟ್ಟಿಯಾಗಿಸುವುದು ಇದರ ರೂಢಿಯ ಕ್ರಮ. ಆದರೆ ಮೀನಾದದ್ದು ವೇದಗಳನ್ನು ಉಳಿಸಲು, ಹಂದಿಯಾದದ್ದು ಭೂಮಿಯನ್ನು ಎತ್ತಲು ಎಂಬ ಪುರಾಣಕಥೆಯನ್ನು ಬಲ್ಲವರ ಕಿವಿಗೆ ಪ್ರತಿಯೊಂದು ದೂರೂ ಒಂದೊಂದು ಉಪಕಾರದ ಸ್ಮರಣೆಯಾಗಿ ಕೇಳಿಸುತ್ತದೆ.

ಈ ದಾಸರು ಅನುಸರಿಸಿದ ದ್ವೈತ ಮತದ ಆಚಾರ್ಯರಾದ ಮಧ್ವಾಚಾರ್ಯರು ಭಕ್ತಿಯನ್ನು ವಿವರಿಸುವಾಗ ಎರಡು ಅಂಶಗಳನ್ನು ಕೂಡಿಸುತ್ತಾರೆ: ಮೊದಲನೆಯದು ಮಾಹಾತ್ಮ್ಯಜ್ಞಾನ, ಎಂದರೆ ದೇವರ ಹಿರಿಮೆಯ ಅರಿವು, ಎರಡನೆಯದು ಆ ಅರಿವಿನಿಂದ ಮೂಡಿ, ಉಳಿದೆಲ್ಲ ಪ್ರೀತಿಗಳನ್ನು ಮೀರಿ ನಿಲ್ಲುವ ದೃಢ ಸ್ನೇಹ. ನಿಂದಾಸ್ತುತಿಯ ನಗೆಗೆ ಇವೆರಡೂ ಬೇಕು. ಭಗವಂತ ದೋಷರಹಿತನೆಂಬ ನಿಶ್ಚಯ ಇರುವುದರಿಂದಲೇ ಅವನ ಮೇಲೆ ಹೊರಿಸಿದ ದೋಷ ಹಾಸ್ಯವಾಗುತ್ತದೆ. ಸ್ನೇಹ ಇರುವುದರಿಂದ ಆ ಹಾಸ್ಯಕ್ಕೆ ಸಲಿಗೆಯ ಹಕ್ಕು ದೊರೆಯುತ್ತದೆ. ಶಿಶುಪಾಲನೂ ತುಂಬಿದ ಸಭೆಯಲ್ಲಿ ಕೃಷ್ಣನನ್ನು ಬೈದನು, ಆದರೆ ಅವನ ಮಾತಿನಲ್ಲಿ ಇದ್ದದ್ದು ದ್ವೇಷ. ದ್ವೇಷದಿಂದ ಮುಕ್ತಿ ದೊರೆಯುವುದಿಲ್ಲವೆಂಬುದು ಮಾಧ್ವ ಸಿದ್ಧಾಂತ. ಜಗನ್ನಾಥದಾಸರ ಬಾಳಿನ ಕುರಿತು ಸಂಪ್ರದಾಯ ಹೇಳುವ ಕಥೆಯೂ ಸ್ನೇಹವಿಲ್ಲದ ನಿಂದೆ ಕೇಡೇ ಎಂಬ ಈ ಮಾತಿಗೆ ಹೊಂದುತ್ತದೆ: ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದಾಗ ಅವರು ವಿಜಯದಾಸರನ್ನು ತಾತ್ಸಾರದಿಂದ ಕಂಡು, ಉದರವ್ಯಾಧಿಗೆ ತುತ್ತಾಗಿ, ಕೊನೆಗೆ ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ ದಾಸದೀಕ್ಷೆ ಪಡೆದರು.

ಹೀಗೆ ಪಂಡಿತರಿಂದ ದಾಸರಾದ ಅವರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಹರಿಕಥಾಮೃತಸಾರದ ಕರುಣಾಸಂಧಿಯಲ್ಲಿ ನಗೆಯು ದೇವರ ಕಡೆಯಿಂದ ಬರುತ್ತದೆ. ತಾಯಿಯನ್ನು ಕಾಣದೆ ಮಗು ಹಂಬಲಿಸಿ ಅಳುತ್ತಿರುವಾಗ ಅವಳು ಕತ್ತಲೆಮನೆಯಲ್ಲಿ ಅಡಗಿ, ಅದನ್ನೇ ನೋಡುತ್ತ ನಗುತ್ತಿದ್ದು, ಬಳಿಕ ಬಂದು ಬಿಗಿದಪ್ಪಿ ಸಂತೈಸುವಂತೆ ಭಗವಂತನು ತನ್ನವರ ಬಳಿಗೆ ಬರುತ್ತಾನೆ ಎಂಬುದು ಅಲ್ಲಿನ ಒಂದು ಪದ್ಯದ ಭಾವ. ಸರ್ವವ್ಯಾಪಿಯಾದವನು ಅಡಗುವುದು ತರ್ಕಕ್ಕೆ ಒಗ್ಗದ ಮಾತಾದುದರಿಂದ ಈ ಉಪಮೆ ಅಪರೂಪದ್ದು. ಕಾಣದಿರುವುದು ಇಲ್ಲದಿರುವುದಲ್ಲವೆಂಬ ತತ್ತ್ವವನ್ನು ಅದು ಯಾವ ವಾದವೂ ಇಲ್ಲದೆ ಮನಗಾಣಿಸುತ್ತದೆ. ಮಗುವಿನ ಅಳು ನಿಜವಾದದ್ದು, ಕತ್ತಲೆಯೂ ನಿಜವಾದದ್ದು. ಆದರೂ ತಾಯಿ ಬಿಟ್ಟುಹೋಗಿಲ್ಲವೆಂಬುದಕ್ಕೆ ಅವಳ ನಗೆಯೇ ಸಾಕ್ಷಿ.

ಜೀವ ಮತ್ತು ಈಶ್ವರರ ನಡುವಿನ ಭೇದ ಮುಕ್ತಿಯಲ್ಲಿಯೂ ಅಳಿಯುವುದಿಲ್ಲವೆಂಬುದು ದ್ವೈತದ ನಿಲುವು. ಹೀಗಿರುವಾಗ ಒಂದಾಗುವುದರಿಂದಾಗಲಿ ಸಮನಾಗುವುದರಿಂದಾಗಲಿ ಭಕ್ತನಿಗೆ ದೇವರ ಸಾಮೀಪ್ಯ ದೊರೆಯಲಾರದು. ಅಂತರವನ್ನು ಹಾಗೆಯೇ ಉಳಿಸಿ ಅದರೊಳಗಿನ ಅಂಜಿಕೆಯನ್ನು ಮಾತ್ರ ಕಳೆಯುವ ಒಂದು ಸಾಧನ ಬೇಕು, ಆ ಕೆಲಸವನ್ನು ಎರಡೂ ಕಡೆಯ ಈ ನಗೆ ಮಾಡುತ್ತದೆ. ದಾಸರು ಕೀರ್ತನೆಯ ಕೊನೆಗೆ ಇಡುವ ಅಂಕಿತವೂ, ಎಂದರೆ ಮುದ್ರಿಕೆಯೂ, ಇದನ್ನೇ ಸೂಚಿಸುತ್ತದೆ: ಹಾಡಿನುದ್ದಕ್ಕೂ ದೂರಿಸಿಕೊಂಡ ದೇವರ ಹೆಸರೇ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ರೂಪದಲ್ಲಿ ದೂರಿದವರ ಗುರುತೂ ಆಗುತ್ತದೆ.

ಆದುದರಿಂದ ನಿಂದಾಸ್ತುತಿಯನ್ನು ಹಾಡುವವರು ಮತ್ತು ಹಾಡಿಸುವವರು ಅದರ ಹಿಂದಿನ ಪುರಾಣಕಥೆಯನ್ನೂ ಮಕ್ಕಳಿಗೆ ಹೇಳಿಕೊಡುವುದು ಅಗತ್ಯ. ಕಥೆ ಮರೆತುಹೋದರೆ ಮಾಹಾತ್ಮ್ಯಜ್ಞಾನವೂ ಹೋಗುತ್ತದೆ. ಆಗ ಹಾಡಿನಲ್ಲಿ ಬರಿಯ ಬೈಗುಳ ಉಳಿಯುತ್ತದೆ.