ಅಗ್ಗದ ಯಂತ್ರ, ತುಟ್ಟಿ ಕರೆಂಟು

ಬಿಟ್‌ಕಾಯಿನ್ ಮೈನಿಂಗ್ ಯಂತ್ರ ಅಗ್ಗವಾಯಿತೆಂದು ಹಿಗ್ಗುವ ಮುನ್ನ, ಅದು ಎಲ್ಲರಿಗೂ ಅಗ್ಗವಾಗಿದೆ ಎಂಬುದು ನೆನಪಿರಲಿ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರನಿಗೆ ಬಿಟ್‌ಕಾಯಿನ್ ಮೈನಿಂಗ್‌ನ, ಅಂದರೆ ಯಂತ್ರಗಳಿಂದ ಗಣಿತ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ದಂಧೆಯ, ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬೋರಿನಲ್ಲಿ ಅವನು ಅದನ್ನು ಆಗಲೇ ಕಂಡಿದ್ದಾನೆ. ಒಬ್ಬ ಕೊರೆಸಿದಾಗ ನೀರು ಬಂತು. ಊರೆಲ್ಲ ಕೊರೆಸಿದಾಗ ನೀರು ಪಾತಾಳಕ್ಕಿಳಿಯಿತು. ಆಮೇಲೆ ಹೆಚ್ಚು ಎಚ್‌ಪಿಯ ಮೋಟರು, ಇನ್ನಷ್ಟು ಪೈಪು, ಅದೂ ಸಾಲದಾದಾಗ ಬಾಡುವ ಬಳ್ಳಿಗೆ ಟ್ಯಾಂಕರ್ ನೀರು. ಬೋರು ಲಾರಿ ಹೊಲದ ಬದುವಿಗೇ ಬಂದು ನಿಂತಿತು. ನೀರು ಮಾತ್ರ ದೂರ ಸರಿಯಿತು.

ಬಿಟ್‌ಕಾಯಿನ್‌ನಲ್ಲಿ ಈ ಇಳಿತವನ್ನು ನಿಯಮವಾಗಿಯೇ ಬರೆದಿಟ್ಟಿದ್ದಾರೆ. ಬ್ಲಾಕು ಎಂದರೆ ವಹಿವಾಟುಗಳ ಒಂದು ಕಟ್ಟು. ಪ್ರತಿ 2,016 ಬ್ಲಾಕಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟ ಯಂತ್ರಗಳ ಬಲಕ್ಕೆ ತಕ್ಕಂತೆ ಬದಲಾಗುತ್ತದೆ. ಜಗತ್ತಿನ ಯಂತ್ರಗಳೆಲ್ಲ ಹತ್ತು ಪಟ್ಟಾದರೂ ಬ್ಲಾಕು ಸಿಗುವುದು ಸರಾಸರಿ ಹತ್ತು ನಿಮಿಷಕ್ಕೊಂದೇ. ಅದರ ಬಹುಮಾನ 2009ರಲ್ಲಿ 50 ಬಿಟ್‌ಕಾಯಿನ್ ಇತ್ತು. 2024ರ ಏಪ್ರಿಲ್‌ನಿಂದ 3.125.

ನೆಲದ ನೀರಿಗಾದರೂ ಮರುಜೀವವುಂಟು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗೆ ಬಂದರೆ ಸುತ್ತಲಿನ ಬಾವಿ, ಬೋರುಗಳಿಗೂ ಜೀವ ಬರುತ್ತದೆ. 2 ಕೋಟಿ 10 ಲಕ್ಷ ನಾಣ್ಯಗಳಿಗೆ ಗಡಿ ಹಾಕಿಕೊಂಡ ಬಿಟ್‌ಕಾಯಿನ್‌ಗೆ ಅಂಥ ಏತವಿಲ್ಲ.

ಕೆಟ್ಟ ಯಂತ್ರ ಮೂಲೆ ಸೇರುವುದು ಸಹಜ. ಕೆಡದ ಯಂತ್ರವೂ ಮೂಲೆ ಸೇರುವ ದಂಧೆ ಇದು. 2016ರಲ್ಲಿ ಬಂದ ಆಂಟ್‌ಮೈನರ್ ಎಸ್9 ಯಂತ್ರ ಒಂದು ಟೆರಾಹ್ಯಾಷ್ ಲೆಕ್ಕಕ್ಕೆ ಸುಮಾರು 98 ಜೂಲ್ ಕರೆಂಟು ನುಂಗುತ್ತಿತ್ತು. ಈಚಿನ ಎಸ್21ಗೆ 17.5 ಸಾಕು. ಹಳೆಯದರ ಫ್ಯಾನು ಇಂದಿಗೂ ಭರ್ರೆಂದು ತಿರುಗೀತು, ದೀಪ ಹತ್ತೀತು. ಗಳಿಕೆ ಬಿಲ್ಲಿಗೆ ಸಾಲದು.

ಎಸ್21 ಎಳೆಯುವುದು 3,500 ವ್ಯಾಟ್. ದಿನಕ್ಕೆ 84 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 17,640 ರೂಪಾಯಿ, ಕೋಣೆ ತಂಪಾಗಿಡುವ ಖರ್ಚು ಬೇರೆ. ವಿಜಯಪುರದ ಒಣ ಬಿಸಿಗಾಳಿ ಶೆಡ್ಡಿನಲ್ಲಿ ಒಣಗಲು ಹರಡಿದ ದ್ರಾಕ್ಷಿಗೆ ವರ, ಈ ಯಂತ್ರಕ್ಕೆ ಶತ್ರು.

ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ಹಾಗೆಂದು ನಮಗೆ ಬೇರೆ ದರವಿಲ್ಲ. ಮೈನಿಂಗ್‌ನಲ್ಲಿ ತಾಳಿಕೊಳ್ಳುವುದು ಅಗ್ಗದ ಕರೆಂಟು ಸಿಕ್ಕವನು. ಅಗ್ಗದ ಯಂತ್ರ ಸಿಕ್ಕವನಲ್ಲ.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಅದಕ್ಕಾಗಿ ಹಗಲಿರುಳು ದುಡಿದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅಂಥ ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಬೇಕು: ಬೇರಿಂಗ್ ಸವೆದಿದ್ದರೆ ಕರಕರ ಎನ್ನುತ್ತದೆ, ಥರ್ಮಲ್ ಪ್ಯಾಡಿನ ಎಣ್ಣೆ ಒಸರಿ ಅಂಚಿಗೆ ಧೂಳು ಮೆತ್ತಿರುತ್ತದೆ. ಆದರೂ ಆಟ, ವಿಡಿಯೋ ಎಡಿಟಿಂಗ್ ಕಲಿಯುವ ಹುಡುಗನಿಗೆ ಅದು ಉಪಯೋಗಕ್ಕೆ ಬಂದೀತು. ಬಿಟ್‌ಕಾಯಿನ್‌ಗೆಂದೇ ಮಾಡಿದ ಯಂತ್ರಕ್ಕೆ ಆ ಭಾಗ್ಯವೂ ಇಲ್ಲ, ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ.

ಒಣದ್ರಾಕ್ಷಿ ಹಾಗಲ್ಲ: ದರ ಬಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬಹುದು. ಕೊನೆಗೆ ಅದು ತಿನ್ನುವ ಪದಾರ್ಥ.

ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆ. ಮೈನಿಂಗ್ ಯಂತ್ರಕ್ಕೆ ಸುರಿದ ಹಣವನ್ನು ಆ ಲಾಭದಲ್ಲಿ ಕಳೆಯುವಂತಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಸ್ಪಷ್ಟಪಡಿಸಿದೆ. ಲಾಭದ ಕನಸು ಮಾರುವವರು ಈ ಮಾತನ್ನು ಕೊನೆಯವರೆಗೂ ಹೇಳುವುದಿಲ್ಲ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ಕರೆಂಟು ಬೆಳೆಯ ಪಾಲು. ಅದರಿಂದ ತಂತಿ ಎಳೆದು ಈ ಯಂತ್ರ ಓಡಿಸುವುದು ಕಳ್ಳತನವೇ.

ಹಳೆಯ ಮೈನಿಂಗ್ ಯಂತ್ರ ಅಗ್ಗಕ್ಕಿದೆ ಎಂದು ಯಾರಾದರೂ ಬಂದರೆ ಕಳೆದ ಮೂರು ತಿಂಗಳ ಕರೆಂಟ್ ಬಿಲ್ಲನ್ನೂ, ಅದೇ ತಿಂಗಳುಗಳ ಗಳಿಕೆಯನ್ನೂ ಎದುರಿಗಿಡಲು ಹೇಳಿ. ಎರಡನ್ನೂ ತೋರಿಸದವರಿಗೆ ದ್ರಾಕ್ಷಿ ಮಾರಿದ ದುಡ್ಡು ಕೊಡಬೇಡಿ.