ಮುಗಿದದ್ದೋ, ಸೋರಿದ್ದೋ?

‘ಗ್ಯಾಸ್ ಮುಗಿದಿದೆ’ ಎಂಬ ಮಾತು ಅಡುಗೆಮನೆಯಲ್ಲಿ ಸತ್ಯ. ಒಲೆ ಉರಿದಿದೆ, ಅನ್ನ ಬೆಂದಿದೆ, ಸಿಲಿಂಡರು ಖಾಲಿಯಾಗಿದೆ. ಲೆಕ್ಕ ಸರಿಹೋಯಿತು. ಇದೇ ಮಾತನ್ನು ವಾಹನದ ಏ.ಸಿ.ಯ ಬಗ್ಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಯಾರಿಗೂ ನೋವಾಗದಂತೆ ಕಾಣುವ ಈ ಸಣ್ಣ ಸುಳ್ಳಿನ ಬಗ್ಗೆ ನನಗೆ ಒಂದಿಷ್ಟು ಹೇಳುವುದಿದೆ.

ಏ.ಸಿ.ಯಲ್ಲಿ ಗ್ಯಾಸು ಉರಿಯುವುದಿಲ್ಲ, ಸುತ್ತುತ್ತದೆ. ಕಂಪ್ರೆಸರು ಅದನ್ನು ಒತ್ತಿ ಕಳಿಸುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ. ಕಿರಿದಾದ ರಂಧ್ರದಲ್ಲಿ ನುಗ್ಗಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಒಳಗಿನ ಬಿಸಿಯನ್ನು ಹೀರಿ ಮತ್ತೆ ಅನಿಲವಾಗಿ ಕಂಪ್ರೆಸರಿಗೆ ಮರಳುತ್ತದೆ. ನಮ್ಮ ಮನೆಯ ಫ್ರಿಜ್ಜೂ ಹೀಗೆಯೇ, ಒಮ್ಮೆ ತುಂಬಿದ ಗ್ಯಾಸಿನಲ್ಲೇ ವರ್ಷಗಟ್ಟಲೆ ಓಡುತ್ತದೆ. ವಾಹನ ಕುಲುಕುವುದರಿಂದ, ರಬ್ಬರ್ ಪೈಪುಗಳ ಸಂದಿಯಿಂದ, ಅದರಲ್ಲಿ ಅಷ್ಟಿಷ್ಟು ಜಿನುಗುವುದು ಸಹಜ. ಆದರೆ ಎರಡೇ ತಿಂಗಳಿಗೆ ಖಾಲಿಯಾದರೆ ಎಲ್ಲೋ ತೂತು ಬಿದ್ದಿದೆಯೆಂದೇ ಅರ್ಥ.

ಕಾಮಾಕ್ಷಿಪಾಳ್ಯದಲ್ಲಿ ನನ್ನ ತಮ್ಮನಿಗೆ ಪೈಪು, ಪಂಪುಗಳ ಅಂಗಡಿಯಿದೆ. ಕೆಂಗೇರಿ, ತಾವರೆಕೆರೆ, ಮಾಗಡಿ ಕಡೆಗೆ ಮಾಲು ಒಯ್ಯುವ ಅವನ ಪಿಕಪ್ಪಿಗೆ ಹನ್ನೆರಡು ವರ್ಷ. ಕಳೆದ ಬೇಸಿಗೆಯಲ್ಲಿ ಅದಕ್ಕೆ ಎರಡು ಸಲ ಗ್ಯಾಸ್ ತುಂಬಿಸಿದ, ಸಲಕ್ಕೆ ಸಾವಿರದೈನೂರು ರೂಪಾಯಿಯಂತೆ. ಮೂರನೆಯ ಸಲ ಮೆಕ್ಯಾನಿಕ್ಕೇ ಕೇಳಿದ: “ಸಾರ್, ಗ್ಯಾಸ್ ಹಾಕಿ ಕಳಿಸ್ಲಾ, ಲೀಕ್ ಹುಡುಕ್ಲಾ? ಹುಡುಕಿ ರಿಪೇರಿ ಮಾಡಿದ್ರೆ ಎಂಟೊಂಬತ್ತು ಸಾವಿರ ಆಗುತ್ತೆ.” ತಮ್ಮ ಮನೆಗೆ ಬಂದವನು ಅದನ್ನೇ ಚರ್ಚೆಗಿಟ್ಟ. “ಇನ್ನೆರಡು ವರ್ಷ ಓಡೋ ಗಾಡಿ ಅಕ್ಕ. ಅದಕ್ಕೆ ಅಷ್ಟು ಸುರೀಬೇಕಾ? ಏ.ಸಿ.ನೇ ಬೇಡ ಅಂದ್ರಾಯ್ತು, ಡ್ರೈವರಿಗೆ ಕಿಟಕಿ ಇದೆಯಲ್ಲ.”

ಅವನು ಕೆಟ್ಟವನಲ್ಲ, ಲೆಕ್ಕ ಬಲ್ಲ ವ್ಯಾಪಾರಿ. ಆದರೆ ಆ ಕಿಟಕಿಯಿಂದ ಬರುವುದೇನು? ಸುಮನಹಳ್ಳಿ ಸಿಗ್ನಲ್ಲಿನ ಹೊಗೆ, ಮಾಗಡಿ ರಸ್ತೆಯ ಧೂಳು, ಪಕ್ಕದ ಲಾರಿಯ ಬಿಸಿ. ಫ್ಯಾನೇ ಬೇಡವೆನ್ನುತ್ತಿದ್ದ ನಮ್ಮ ಬೆಂಗಳೂರು 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಏ.ಸಿ. ಕ್ಯಾಬಿನ್ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದು ಮೂರೂವರೆ ಟನ್ನು ಮೀರಿದ ವಾಹನಗಳಿಗೆ. ಸಣ್ಣ ಪಿಕಪ್ಪಿನ ಚಾಲಕ ಆ ಗೆರೆಯ ಹೊರಗೆ ಉಳಿದಿದ್ದಾನೆ. ಅವನ ಬೆವರು ಮಾಲೀಕನ ಮನಸ್ಸಿಗೆ ಬಿಟ್ಟ ವಿಷಯ.

ಹಾಗಾದರೆ ಅಗ್ಗದ ದಾರಿ ಹಿಡಿದು ಎರಡು ತಿಂಗಳಿಗೊಮ್ಮೆ ತುಂಬಿಸುತ್ತ ಹೋದರೇನು? ಚಾಲಕನಿಗೆ ತಂಪು, ಮೆಕ್ಯಾನಿಕ್ಕಿಗೆ ಕೆಲಸ. ನಷ್ಟ ಯಾರಿಗೆ? ಸೋರಿದ ಗ್ಯಾಸಿಗೆ ಬಣ್ಣವಿಲ್ಲ, ನಮಗೆ ತಿಳಿಯುವಂಥ ವಾಸನೆಯಿಲ್ಲ. ಅದರ ಹೆಸರು ಆರ್-134ಎ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆ.ಜಿ. ಆರ್-134ಎ ಭೂಮಿಯನ್ನು ಸುಮಾರು 1,400 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಇಂಥ ಗಾಡಿಯಲ್ಲಿ ಅರ್ಧ ಕೆ.ಜಿ. ಆಸುಪಾಸು ಇರುತ್ತದೆ. ಅದು ಪೂರ್ತಿ ಸೋರಿತೆಂದರೆ 250 ಲೀಟರ್ ಡೀಸೆಲ್ ಸುಟ್ಟದ್ದಕ್ಕಿಂತ ಹೆಚ್ಚಿನ ಬಿಸಿ. ಬಿಸಿಲಿಗೆ ಹೆದರಿ ತುಂಬಿಸಿದ್ದು ಹೀಗೆ ಬಿಸಿಲನ್ನೇ ಹೆಚ್ಚಿಸುತ್ತದೆ. ಆ ಬಿಸಿಲು ಬೀಳುವುದು ಏ.ಸಿ. ಇಲ್ಲದವರ ತಲೆಯ ಮೇಲೂ.

“ನನ್ನ ಒಂದು ಗಾಡಿಯಿಂದ ಆಕಾಶ ಬೀಳುತ್ತಾ?” ಎಂದ ತಮ್ಮ. ನ್ಯಾಯವಾದ ಪ್ರಶ್ನೆಯೇ. ಆದರೆ ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಹಿಂದೆ ಕಾರು, ಫ್ರಿಜ್ಜುಗಳಲ್ಲಿ ಇದ್ದದ್ದು ಆರ್-12. ಅಂಥ ಅನಿಲಗಳು ಓಜೋನ್ ಪದರವನ್ನು ತಿನ್ನಬಲ್ಲವೆಂದು 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೆಳುವಾದ ಸುದ್ದಿ ಬಂತು. ಅಲ್ಲಿ ಯಾರೂ ಕಾರು ಓಡಿಸುತ್ತಿರಲಿಲ್ಲ! ಎಲ್ಲೆಲ್ಲಿಯೋ ಸೋರಿದ ಹಿಡಿ ಹಿಡಿ ಗ್ಯಾಸು ಅಲ್ಲಿ ತೂತು ಕೊರೆದಿತ್ತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಹೊತ್ತಿಗೆ 1980ರ ಸ್ಥಿತಿಗೆ ಮರಳೀತೆಂದು ವಿಜ್ಞಾನಿಗಳ ಅಂದಾಜು. ಆರ್-12ರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟದು, ಆದರೆ ಬಿಸಿಯೇರಿಸುತ್ತದೆ. ಅದನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಗಿ, 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಕೆಡಿಸಿದ್ದು ಒಬ್ಬೊಬ್ಬರ ಅರ್ಧರ್ಧ ಕೆ.ಜಿ.ಯೇ, ಸರಿಪಡಿಸುವುದೂ ಅದೇ ಅಳತೆಯಲ್ಲಿ ಆಗಬೇಕು.

ಕೊನೆಗೆ ತಮ್ಮ ಗೊಣಗುತ್ತಲೇ ಒಪ್ಪಿದ. ಮೆಕ್ಯಾನಿಕ್ ಪೈಪುಗಳಿಗೆ ನೈಟ್ರೋಜನ್ ತುಂಬಿ, ನಮ್ಮ ಸಿಲಿಂಡರಿನವರು ಮಾಡುವಂತೆಯೇ ಸೋಪಿನ ನೀರು ಹಚ್ಚಿದನಂತೆ. ಕಲ್ಲೇಟು ತಿಂದ ಕಂಡೆನ್ಸರಿನ ಕೆಳತುದಿಯಲ್ಲಿ ಗುಳ್ಳೆ ಎದ್ದಿತು. ಅದನ್ನು ಬದಲಿಸಿ, ತೇವ ಹೀರುವ ಡ್ರೈಯರನ್ನೂ ಹೊಸದು ಹಾಕಿ, ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಿದ. ಕೆಲಸ ಒಂದು ದಿನ ಹಿಡಿಯಿತು. ಅವನಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು. ಅದಕ್ಕೆ ದುಡ್ಡು ಕೊಡುವ ಗಿರಾಕಿ ಇರಲಿಲ್ಲ, ಅಷ್ಟೇ. ಹಳೆಯ ಗ್ಯಾಸನ್ನು ಹೊರಗೆ ಬಿಡದೆ ಹಿಡಿದಿಡುವ ಯಂತ್ರಗಳೂ ಇವೆ. ಸಣ್ಣ ಗ್ಯಾರೇಜಿನವನು ಅದನ್ನು ಕೊಳ್ಳಬೇಕಾದರೆ ನಾವು ಕೇಳುವವರಾಗಬೇಕು.

‘ಮುಗಿದಿದೆ’ ಎಂದರೆ ತಂದು ತುಂಬಿದರೆ ಸಾಕು, ದುಡ್ಡಿನಲ್ಲಿ ತೀರುತ್ತದೆ. ‘ಸೋರಿದೆ’ ಎಂದರೆ ಎಲ್ಲಿ, ಯಾಕೆ ಎಂದು ಹುಡುಕಬೇಕು. ಹುಡುಕಿದವರ ಮೇಲೆ ಹೊಣೆ ಬೀಳುತ್ತದೆ. ಅದಕ್ಕೇ ನಮಗೆಲ್ಲ ಮೊದಲನೆಯ ಮಾತೇ ಹಿತ. ಮನೆಯಾಕೆಯ ತಾಳ್ಮೆ ‘ಮುಗಿಯಿತು’ ಎನ್ನುವವರು ಅದು ದಿನಾ ಎಲ್ಲಿ ಸೋರುತ್ತಿತ್ತೆಂದು ಕೇಳುತ್ತಾರೆಯೇ? ಒಂದು ಸೀರೆ ತಂದುಕೊಟ್ಟು ತುಂಬಿಸಿಬಿಡುತ್ತಾರೆ.

ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಫ್ರಿಜ್ಜನ್ನೋ ಗಾಡಿಯನ್ನೋ ನೋಡಿದ ಹುಡುಗ “ಗ್ಯಾಸ್ ಮುಗಿದಿದೆ ಮೇಡಂ” ಎಂದರೆ, “ಎಲ್ಲಿ ಸೋರಿದೆ, ತೋರಿಸಪ್ಪ” ಎಂದು ಕೇಳಿ. ಅವನಿಗೂ ನಿಮ್ಮ ಮೇಲೆ ಗೌರವ ಹೆಚ್ಚೀತು.